ಹಿಂದಿನ ಗಾಲಿಯ ಬೇರಿಂಗ್: ಸವೆತವನ್ನು ಗುರುತಿಸುವುದು ಹೇಗೆ, ಬದಲಾಯಿಸುವುದು ಹೇಗೆ?

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ನೀರು, ದನಕರುಗಳ ವಿಷಯ ಇಂತಹ ಸಭೆಗಳಲ್ಲಿ ಮೇಲಿಂದ ಮೇಲೆ ಮಾತಿಗೆ ಬರುತ್ತದೆ. ಈ ದಿನ ನಾನು ಹೇಳಹೊರಟಿರುವುದು ಹೊಲದಲ್ಲಿ ಬೆಳೆಯುವ ವಸ್ತುವಿನ ಮಾತಲ್ಲ. ಬೆಳೆದುದನ್ನು ಮನೆಗೂ ಸಂತೆಗೂ ಸಾಗಿಸುವ ಗಾಲಿಯ ಮಾತು. ಅದರಲ್ಲೂ ಗಾಲಿಯ ನಡುವೆ ಅಡಗಿ ಕುಳಿತು, ಯಾರ ಕಣ್ಣಿಗೂ ಬೀಳದೆ, ಭಾರವನ್ನೆಲ್ಲ ಹೊರತಕ್ಕ ಬೇರಿಂಗಿನ ಮಾತು.

ಇಂದು ನಮ್ಮ ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಇದೆ, ಟೈರ್ ಗಾಡಿ ಇದೆ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಸಣ್ಣ ಕಾರೂ ಇದೆ. ಟೈರಿನ ಗಾಳಿ ಇಳಿದರೆ ಮಗುವೂ ಬಂದು ಹೇಳುತ್ತದೆ. ಎಂಜಿನ್ನಿನ ಎಣ್ಣೆ ಸೋರಿದರೆ ಅಂಗಳದಲ್ಲಿ ಕಲೆ ಕಾಣುತ್ತದೆ. ಆದರೆ ಬೇರಿಂಗ್ ಸವೆದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಕೇಳಿಸುತ್ತದೆ. ಆ ಸದ್ದನ್ನು ನಾವು ‘ರಸ್ತೆ ಸರಿಯಿಲ್ಲ’ ಎಂದೋ ‘ಹಳೆಯ ಗಾಡಿ, ಹೀಗೇ’ ಎಂದೋ ತಳ್ಳಿಹಾಕುತ್ತೇವೆ. ಒಂದು ದಿನ ತುಂಬಿದ ಭಾರದೊಡನೆ ಹೊರಟಾಗ ಗಾಲಿ ಕಳಚುತ್ತದೆ. ಆಗ ಹೋಗುವುದು ಬರಿಯ ಬೇರಿಂಗ್ ಅಲ್ಲ. ಅಚ್ಚು ಹೋಗುತ್ತದೆ, ಸರಕು ಹೋಗುತ್ತದೆ, ಕೆಲವೊಮ್ಮೆ ದಾರಿಯಲ್ಲಿ ಹೋಗುವವರ ಪ್ರಾಣವೂ ಹೋಗುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಆದುದರಿಂದ ಈ ಮಾತನ್ನು ಇಲ್ಲಿರುವ ಚಾಲಕರಷ್ಟೇ ಅಲ್ಲ, ಗಾಡಿಯ ಯಜಮಾನರೂ ಕೇಳಬೇಕೆಂದು ಕೋರುತ್ತೇನೆ.

ಬೇರಿಂಗ್ ಎಂದರೇನು?

ಮರದ ಗಾಡಿಯನ್ನು ನೀವೆಲ್ಲರೂ ಬಲ್ಲಿರಿ. ಗಾಲಿಯ ನಡುವೆ ಗುಂಬ. ಗುಂಬದೊಳಗೆ ಕಬ್ಬಿಣದ ಅಚ್ಚು. ಗಾಲಿ ಜಾರಿಹೋಗದಂತೆ ಅಚ್ಚಿನ ತುದಿಗೆ ಕಡಾಣಿ. ಗುಂಬ ಅಚ್ಚಿನ ಮೇಲೆ ಉಜ್ಜಿಕೊಂಡೇ ತಿರುಗುತ್ತದೆ. ಉಜ್ಜಾಟ ತಗ್ಗಲೆಂದು ನಮ್ಮ ಹಿರಿಯರು ಕೀಲೆಣ್ಣೆ ಹಾಕುತ್ತಿದ್ದರು. ಕೀಲೆಣ್ಣೆ ಒಣಗಿದ ಗಾಡಿ ಕಿರುಗುಟ್ಟಿದರೆ ಎತ್ತಿಗೆ ಎಷ್ಟು ಭಾರವಾಗುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ.

ಈಗಿನ ಗಾಲಿಯಲ್ಲಿ ಗುಂಬಕ್ಕೆ ಹಬ್ ಎಂದು ಹೆಸರು. ಹಬ್ಬಿಗೂ ಅಚ್ಚಿಗೂ ನಡುವೆ ಉಕ್ಕಿನ ಗುಂಡುಗಳನ್ನೋ ಉರುಳೆಗಳನ್ನೋ ಇಟ್ಟಿರುತ್ತಾರೆ. ಉಜ್ಜುವ ಬದಲು ಉರುಳುವುದರಿಂದ ಭಾರ ಹಗುರವಾಗುತ್ತದೆ. ದೊಡ್ಡ ದಿಮ್ಮಿಯನ್ನು ಎಳೆಯುವಾಗ ಅದರ ಕೆಳಗೆ ದುಂಡು ಕೋಲುಗಳನ್ನು ಕೊಟ್ಟು ಉರುಳಿಸುವುದಿಲ್ಲವೆ? ಅದೇ ಯುಕ್ತಿ. ಒಳಗೊಂದು ಬಳೆ, ಹೊರಗೊಂದು ಬಳೆ, ನಡುವೆ ಉರುಳೆಗಳು, ಉರುಳೆಗಳು ಒಂದಕ್ಕೊಂದು ತಾಗದಂತೆ ಹಿಡಿದಿಡುವ ತೆಳುವಾದ ಪಂಜರ. ಇಷ್ಟೇ ಬೇರಿಂಗ್.

ಟ್ರೇಲರಿನಲ್ಲಿಯೂ ಅನೇಕ ಟೈರ್ ಗಾಡಿಗಳಲ್ಲಿಯೂ ಇರುವುದು ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಇರುವ ಉರುಳೆಗಳ ಬೇರಿಂಗ್. ಇದಕ್ಕೆ ಟೇಪರ್ ಬೇರಿಂಗ್ ಎನ್ನುತ್ತಾರೆ. ಇದನ್ನು ಕಂಡುಹಿಡಿದವರಲ್ಲಿ ಮುಖ್ಯನು ಒಬ್ಬ ಗಾಡಿ ಮಾಡುವವನೇ ಎಂದರೆ ನಿಮಗೆ ಸಂತೋಷವಾದೀತು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕುದುರೆಗಾಡಿಗಳನ್ನು ತಯಾರಿಸುತ್ತಿದ್ದ ಹೆನ್ರಿ ಟಿಂಕನ್ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಗಾಡಿ ತಿರುವಿನಲ್ಲಿ ಹೊರಳುವಾಗ ಗಾಲಿಯ ಮೇಲೆ ಕೆಳಮುಖದ ಭಾರ ಮಾತ್ರವಲ್ಲದೆ ಪಕ್ಕದ ಒತ್ತಡವೂ ಬೀಳುತ್ತದೆ. ಓರೆಯಾಗಿ ಕುಳಿತ ಈ ಉರುಳೆಗಳು ಎರಡನ್ನೂ ಹೊರುತ್ತವೆ. ಒಂದು ಗಾಲಿಗೆ ಎರಡು ಬೇರಿಂಗ್: ಒಳಮಗ್ಗುಲಿಗೆ ದೊಡ್ಡದು, ಹೊರಮಗ್ಗುಲಿಗೆ ಸಾಮಾನ್ಯವಾಗಿ ಚಿಕ್ಕದು.

ಕಾರಿನ ಮಾತಿಗೆ ಬರೋಣ. 1983ರ ಡಿಸೆಂಬರಿನಲ್ಲಿ ಹೊರಬಂದು, 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಕಾರು ಇಂದಿಗೂ ಹಳ್ಳಿಯ ರಸ್ತೆಗಳಲ್ಲಿ ಓಡುತ್ತಿದೆ. ಅದರಲ್ಲಿಯೂ, ಅದರ ನಂತರ ಬಂದ ಬಹುತೇಕ ಸಣ್ಣ ಕಾರುಗಳಲ್ಲಿಯೂ ಎಂಜಿನ್ನಿನ ಬಲ ಹೋಗುವುದು ಮುಂದಿನ ಗಾಲಿಗಳಿಗೆ. ಹಿಂದಿನ ಗಾಲಿಗಳು ಟ್ರೇಲರಿನ ಗಾಲಿಗಳಂತೆ ಸುಮ್ಮನೆ ಹಿಂಬಾಲಿಸಿ ಉರುಳುತ್ತವೆ. ಆದುದರಿಂದ ಟ್ರೇಲರಿನ ಹಬ್ಬನ್ನು ಬಲ್ಲವನಿಗೆ ಇಂತಹ ಕಾರಿನ ಹಿಂದಿನ ಹಬ್ಬು ಅಷ್ಟೇನೂ ಅಪರಿಚಿತವಲ್ಲ. ಜೀಪು, ಲಾರಿ, ಓಮ್ನಿ ಮುಂತಾದವುಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಗಾಲಿಗೆ ಹೋಗುತ್ತದೆ. ಅಲ್ಲಿ ತಿರುಗುವ ಶಾಫ್ಟು ಒಳಗಿನಿಂದ ಬಂದಿರುತ್ತದೆ. ಅದನ್ನೂ ಟ್ರ್ಯಾಕ್ಟರಿನ ದೊಡ್ಡ ಗಾಲಿಯನ್ನೂ ಮನೆಯಲ್ಲಿ ಬಿಚ್ಚಬೇಡಿ. ಅದು ಕಾರ್ಖಾನೆಯ ಕೆಲಸ.

ಬೇರಿಂಗ್ ಏಕೆ ಸವೆಯುತ್ತದೆ?

ಬೇರಿಂಗಿನ ಮೊದಲನೆಯ ವೈರಿ ನೀರು. ದೂರ ಓಡಿ ಬಂದ ಟ್ರೇಲರನ್ನು ನೇರವಾಗಿ ಕೆರೆಗೆ ಇಳಿಸಿ ತೊಳೆಯುವ ರೂಢಿ ನಮ್ಮಲ್ಲಿದೆ. ಹಬ್ ಬಿಸಿಯಾಗಿರುತ್ತದೆ. ತಣ್ಣೀರು ತಾಗಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿ ಸೀಲಿನ ಸಂದಿಯಿಂದ ಹೊರಗಿನ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ನೀರು ಸೇರಿದ ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಆ ಮೇಲೆ ಉಕ್ಕಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಗಾಡಿಯನ್ನು ತೊಳೆಯಬೇಡಿ ಎಂದು ನಾನು ಹೇಳುವುದಿಲ್ಲ. ಹಬ್ ತಣಿದ ಮೇಲೆ ತೊಳೆಯಿರಿ ಎನ್ನುತ್ತೇನೆ.

ಎರಡನೆಯ ವೈರಿ ಧೂಳು. ಸೀಲು ಹರಿದಿದ್ದರೆ ಅಥವಾ ಹಬ್ಬಿನ ಹೊರಗಿನ ಗ್ರೀಸ್ ಟೋಪಿ ಬಿದ್ದುಹೋಗಿದ್ದರೆ ಮರಳು ಒಳಸೇರಿ ಸಾಣೆಕಲ್ಲಿನ ಕೆಲಸ ಮಾಡುತ್ತದೆ. ಟೋಪಿ ಬಿದ್ದ ಕಡೆ ಬಟ್ಟೆ ತುರುಕುವುದು, ಪ್ಲಾಸ್ಟಿಕ್ ಚೀಲ ಕಟ್ಟುವುದು ಉಪಾಯವಲ್ಲ. ಟೋಪಿಯ ಬೆಲೆ ಬೇರಿಂಗಿನ ಬೆಲೆಗಿಂತ ಬಹಳ ಕಡಿಮೆ.

ಮೂರನೆಯದು ಮಿತಿಮೀರಿದ ಭಾರ. ನಾಲ್ಕನೆಯದು ಬೇರಿಂಗನ್ನು ತಪ್ಪಾಗಿ ಕೂರಿಸುವುದು. ಟೇಪರ್ ಬೇರಿಂಗನ್ನು ಬಲವಾಗಿ ಬಿಗಿದರೆ ಉರುಳೆಗಳು ಹಿಡಿದುಕೊಂಡು ಕಾಯುತ್ತವೆ, ಗ್ರೀಸ್ ಕರಗಿ ಹರಿದುಹೋಗುತ್ತದೆ, ಉಕ್ಕು ನೀಲಿಗಟ್ಟುತ್ತದೆ. ಸಡಿಲ ಬಿಟ್ಟರೆ ಗಾಲಿ ಓಲಾಡಿ ಪೆಟ್ಟಿನ ಮೇಲೆ ಪೆಟ್ಟು ಬೀಳುತ್ತದೆ. ಹೊಸ ಬೇರಿಂಗ್ ಹಾಕಿಸಿದರೂ ಒಂದು ಹಂಗಾಮು ಬಾಳಲಿಲ್ಲ ಎಂದು ದೂರುವವರುಂಟು. ಅಂತಹ ಕಡೆ ಮೊದಲು ನೋಡತಕ್ಕದ್ದು ಬಿಗಿತವನ್ನು, ಸೀಲನ್ನು.

ಸವೆತವನ್ನು ಕಂಡುಹಿಡಿಯುವ ಬಗೆ

ಒಂದನೆಯದಾಗಿ ಕಿವಿಯಿಂದ ಪರೀಕ್ಷೆ. ಕೆಟ್ಟ ಬೇರಿಂಗ್ ದುಂಬಿಯಂತೆ ಗುಂಯ್‌ಗುಡುತ್ತದೆ. ವೇಗ ಹೆಚ್ಚಿದಂತೆ ಸದ್ದೂ ಹೆಚ್ಚುತ್ತದೆ. ಹೆಚ್ಚು ಹಾಳಾದರೆ ಬೀಸುವ ಕಲ್ಲಿನ ಗರಗರ ಶಬ್ದ. ಇದು ಎಂಜಿನ್ನಿನ ಸದ್ದೋ ಗಾಲಿಯದೋ ಎಂದು ತಿಳಿಯಲು, ವಾಹನಸಂಚಾರವಿಲ್ಲದ ಸಮನಾದ ರಸ್ತೆಯಲ್ಲಿ ಕ್ಲಚ್ ಒತ್ತಿ ಎಂಜಿನ್ನಿನ ವೇಗ ಇಳಿಯಲು ಬಿಡಿ. ಗಾಡಿ ಓಡುತ್ತಿದ್ದು ಸದ್ದು ಹಾಗೆಯೇ ಉಳಿದರೆ ಅದು ಎಂಜಿನ್ನಿನದಲ್ಲ. ಟೈರಿನದೋ ಬೇರಿಂಗಿನದೋ ಎಂಬ ಸಂಶಯಕ್ಕೂ ಉಪಾಯವಿದೆ. ಟೈರಿನ ಸದ್ದು ರಸ್ತೆಯೊಡನೆ ಬದಲಾಗುತ್ತದೆ. ಡಾಂಬರಿನಿಂದ ಕಾಂಕ್ರೀಟಿಗೆ ಹೋದರೆ ಸ್ವರವೇ ಬೇರೆ. ಬೇರಿಂಗಿನ ಸದ್ದು ಯಾವ ರಸ್ತೆಯಲ್ಲಿಯೂ ಬಹುಮಟ್ಟಿಗೆ ಒಂದೇ.

ಯಾವ ಬದಿಯ ಬೇರಿಂಗ್? ರಸ್ತೆಯ ತಿರುವುಗಳಲ್ಲಿ ಗಮನಿಸಿ. ಕಾರು ಬಲಕ್ಕೆ ತಿರುಗುವಾಗ ಭಾರ ಎಡಗಡೆಯ ಗಾಲಿಗಳ ಮೇಲೆ ವಾಲುತ್ತದೆ. ಆಗ ಸದ್ದು ಹೆಚ್ಚಾದರೆ ಸಾಮಾನ್ಯವಾಗಿ ಎಡಗಡೆಯ ಬೇರಿಂಗ್ ಸವೆದಿದೆ. ಎಡಕ್ಕೆ ತಿರುಗುವಾಗ ಹೆಚ್ಚಾದರೆ ಬಲಗಡೆಯದು. ಸದ್ದು ಕಾರಿನ ಮೈಯಲ್ಲೆಲ್ಲ ಹರಡುವುದರಿಂದ ಕಿವಿಯೊಂದನ್ನೇ ನಂಬಿ ಬಿಚ್ಚಬಾರದು.

ಎರಡನೆಯದಾಗಿ ಕಾವಿನ ಪರೀಕ್ಷೆ. ಐದಾರು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ. ಕೈಯ ಹಿಂಬದಿಯನ್ನು ಪ್ರತಿ ಹಬ್ಬಿನ ಹತ್ತಿರ ಹಿಡಿದು ನೋಡಿ. ಮುಟ್ಟಬೇಡಿ, ಸುಟ್ಟೀತು. ಎಡಬಲದ ಹಬ್ಬುಗಳು ಒಂದೇ ಸಮನಾಗಿ ಬೆಚ್ಚಗಿರಬೇಕು. ಒಂದು ಮಾತ್ರ ಬಹಳ ಕಾದಿದ್ದರೆ ಅಲ್ಲಿ ರೋಗವಿದೆ. ಆದರೆ ಹಿಡಿದುಕೊಂಡ ಬ್ರೇಕಿನಿಂದಲೂ ಹೀಗೆ ಕಾಯಬಹುದು. ಆದುದರಿಂದ ಮೂರನೆಯ ಪರೀಕ್ಷೆ ಅವಶ್ಯಕ.

ಮೂರನೆಯದು ಕೈಯ ಪರೀಕ್ಷೆ. ಗಾಡಿಯನ್ನು ಸಮನಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎತ್ತಬೇಕಾಗಿಲ್ಲದ ಗಾಲಿಗಳಿಗೆ ಹಿಂದೆ ಮುಂದೆ ಒತ್ತು ಕೊಡಿ. ಟ್ರೇಲರಾದರೆ ಸರಕನ್ನು ಪೂರ್ತಿ ಇಳಿಸಿ, ಟ್ರ್ಯಾಕ್ಟರಿಗೆ ಕಟ್ಟಿದಂತೆಯೇ ಇರಲಿ, ಟ್ರ್ಯಾಕ್ಟರಿನ ಬ್ರೇಕು ಕಚ್ಚಿರಲಿ. ಮುಂದಿನ ಗಾಲಿಗೆ ಬಲ ಹೋಗುವ ಕಾರಾದರೆ ಮೊದಲನೆಯ ಗೇರಿನಲ್ಲಿ ನಿಲ್ಲಿಸಿ, ಕೈಬ್ರೇಕನ್ನು ಬಿಡಿ. ಬಿಡದಿದ್ದರೆ ಹಿಂದಿನ ಗಾಲಿ ತಿರುಗದು. ಜಾಕಿನಿಂದ ಎತ್ತಿದ ಮೇಲೆ ಸ್ಟ್ಯಾಂಡನ್ನೋ ದಪ್ಪ ಮರದ ದಿಮ್ಮಿಯನ್ನೋ ಕೊಟ್ಟು ಭಾರವನ್ನು ಅದರ ಮೇಲೆ ಇಳಿಸಿ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಇಟ್ಟಿಗೆಯನ್ನು ಎಂದಿಗೂ ಕೊಡಬೇಡಿ, ಪುಡಿಯಾಗುತ್ತದೆ. ಎತ್ತಿದ ಗಾಡಿಯ ಕೆಳಗೆ ಯಾರೂ ತಲೆ ಹಾಕಕೂಡದು, ಮಕ್ಕಳು ಹತ್ತಿರ ಸುಳಿಯಕೂಡದು.

ಈಗ ಗಾಲಿಯ ನೆತ್ತಿಯ ಮೇಲೊಂದು ಕೈ, ಬುಡದಲ್ಲೊಂದು ಕೈ ಇಟ್ಟು, ಒಂದನ್ನು ನೂಕಿ ಒಂದನ್ನು ಎಳೆದು ಅಲುಗಿಸಿ. ಟಕಟಕ ಎಂದು ಆಡಿದರೆ ಬೇರಿಂಗ್ ಸಡಿಲವಾಗಿದೆ, ಇಲ್ಲವೆ ಸವೆದಿದೆ. ಸಂಶಯವಿದ್ದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ದೋಷ ಬೇರಿಂಗಿನಲ್ಲಿ. ಆಗಲೂ ಆಡುತ್ತಿದ್ದರೆ ದೋಷ ಅಚ್ಚನ್ನು ಹಿಡಿದಿರುವ ಕಟ್ಟಿನಲ್ಲಿ. ಅನಂತರ ಬ್ರೇಕ್ ಬಿಟ್ಟು ಗಾಲಿಯನ್ನು ಕೈಯಿಂದ ತಿರುಗಿಸಿ, ಇನ್ನೊಂದು ಕೈಯನ್ನು ಹತ್ತಿರದ ಸ್ಪ್ರಿಂಗಿನ ಮೇಲಿಡಿ. ಸವೆದ ಬೇರಿಂಗಿನ ಒರಟುತನ ಸ್ಪ್ರಿಂಗಿನ ಮೂಲಕ ಬೆರಳಿಗೆ ಗರಗರನೆ ತಿಳಿಯುತ್ತದೆ. ಬ್ರೇಕಿನ ಪಟ್ಟಿ ತಾಗಿದರೆ ಒಂದು ಸುತ್ತಿಗೆ ಒಂದೆಡೆ ‘ಸುಯ್’ ಎನ್ನುತ್ತದೆ. ಬೇರಿಂಗಿನದು ಸುತ್ತಿನುದ್ದಕ್ಕೂ ಇರುತ್ತದೆ.

ಕೊನೆಯದಾಗಿ ಗಾಲಿಯ ಒಳಮಗ್ಗುಲನ್ನು ನೋಡಿ. ಅಲ್ಲಿ ಗ್ರೀಸ್ ಹರಿದ ಕಲೆಯಿದ್ದರೆ ಸೀಲು ಹೋಗಿದೆ. ಆ ಗ್ರೀಸ್ ಬ್ರೇಕಿಗೆ ತಾಗಿದರೆ ಬ್ರೇಕೂ ಹಿಡಿಯುವುದಿಲ್ಲ.

ಬದಲಾಯಿಸುವ ಕ್ರಮ

ಮೊದಲು ಟ್ರೇಲರ್ ಮತ್ತು ಟೈರ್ ಗಾಡಿಯ ಟೇಪರ್ ಬೇರಿಂಗಿನ ಕ್ರಮ ಹೇಳುತ್ತೇನೆ.

ಗಾಲಿಯ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ ಗಾಲಿಯನ್ನು ಕಳಚಿ. ಗ್ರೀಸ್ ಟೋಪಿಯನ್ನು ಸುತ್ತಲೂ ಮೆಲ್ಲಗೆ ತಟ್ಟಿ ತೆಗೆಯಿರಿ. ಒಳಗೆ ಸ್ಪ್ಲಿಟ್ ಪಿನ್ ಕಾಣುತ್ತದೆ. ಇದೇ ಹೊಸ ಗಾಡಿಯ ಕಡಾಣಿ ಎನ್ನಬಹುದು. ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವುದು ಇದೇ. ಇದನ್ನು ನೆಟ್ಟಗೆ ಮಾಡಿ ಎಳೆದು ಎಸೆದುಬಿಡಿ. ಹಳೆಯ ಪಿನ್ನನ್ನು ಮತ್ತೆ ಹಾಕಕೂಡದು. ನಟ್ಟು, ವಾಷರ್ ತೆಗೆದು, ಹೊರಗಿನ ಬೇರಿಂಗ್ ಕೆಳಗೆ ಬೀಳದಂತೆ ಕೈಯೊಡ್ಡಿ ಹಬ್ಬನ್ನು ಎಳೆದುಕೊಳ್ಳಿ. ಬ್ರೇಕ್ ಇರುವ ಹಬ್ಬಿನಲ್ಲಿ ಧೂಳು ತುಂಬಿರುತ್ತದೆ. ಹಳೆಯ ಬ್ರೇಕ್ ಪಟ್ಟಿಗಳಲ್ಲಿ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಹಿಂಬದಿಯ ಸೀಲನ್ನು ಕಿತ್ತು ಒಳಗಿನ ಬೇರಿಂಗ್ ತೆಗೆಯಿರಿ. ಎಲ್ಲವನ್ನೂ ಡೀಸೆಲಿನಲ್ಲಿ ತೊಳೆದು ಒಣಗಿಸಿ. ಪಂಕ್ಚರ್ ಅಂಗಡಿಯ ಗಾಳಿಕೊಳವೆಯಿಂದ ಬೇರಿಂಗನ್ನು ಗಿರಗಿರನೆ ತಿರುಗಿಸುವ ಆಟ ಕೆಲವು ಹುಡುಗರಿಗೆ ಇಷ್ಟ. ಉರುಳೆ ಸಿಡಿದು ಕಣ್ಣಿಗೆ ಬಿದ್ದೀತು. ಆ ಆಟ ಬೇಡ. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಉರುಳೆಯ ಮೇಲಾಗಲಿ ಬಳೆಯ ಮೇಲಾಗಲಿ ಸಿಡುಬಿನ ಕಲೆಯಂತಹ ಗುಂಡಿ, ಗೀರು, ತುಕ್ಕು, ನೀಲಿ ಬಣ್ಣ ಕಂಡರೆ ಅದರ ಆಯುಷ್ಯ ಮುಗಿಯಿತು. ಎಲ್ಲವೂ ನುಣುಪಾಗಿ ಹೊಳೆಯುತ್ತಿದ್ದರೆ ಹೊಸ ಗ್ರೀಸ್, ಹೊಸ ಸೀಲು ಸಾಕು. ಅನಾವಶ್ಯಕವಾಗಿ ದುಡ್ಡು ಹಾಕಬೇಡಿ.

ಬದಲಾಯಿಸುವಾಗ ಒಂದು ನಿಯಮ: ಉರುಳೆಗಳಿರುವ ಒಳಬಳೆಯನ್ನು ಮಾತ್ರ ಹೊಸದು ಹಾಕಿ, ಹಬ್ಬಿನಲ್ಲಿ ಕುಳಿತ ಹೊರಬಳೆಯನ್ನು ಹಳೆಯದೇ ಬಿಡಬಾರದು. ಸವೆದ ಹೊರಬಳೆ ಹೊಸ ಉರುಳೆಗಳನ್ನು ಬೇಗ ಕೆಡಿಸುತ್ತದೆ. ಹೊರಬಳೆಯನ್ನು ಹಿತ್ತಾಳೆಯ ಸಲಾಕೆಯಿಂದ ಒಮ್ಮೆ ಈ ಕಡೆ, ಒಮ್ಮೆ ಎದುರು ಕಡೆ ತಟ್ಟಿ ಸಮನಾಗಿ ಹೊರಡಿಸಿ. ಹೊಸದನ್ನು ಕೂರಿಸುವಾಗಲೂ ಹಾಗೆಯೇ ಸುತ್ತಲೂ ಸಮನಾಗಿ ತಟ್ಟಿ. ಅದು ತಳಮುಟ್ಟಿ ಕುಳಿತೊಡನೆ ಸುತ್ತಿಗೆಯ ಸದ್ದು ಬದಲಾಗಿ ಗಟ್ಟಿಯಾಗಿ ಕೇಳಿಸುತ್ತದೆ. ಹೊಸ ಬಳೆ ಬೆರಳಿನ ಒತ್ತಿಗೇ ಹಬ್ಬಿನೊಳಗೆ ಇಳಿದರೆ ಹಬ್ಬೇ ಸವೆದಿದೆ ಎಂದರ್ಥ. ಒಳಗೆ ಪಂಚ್ ಹೊಡೆದು ಗುಳಿ ಮಾಡಿ ಬಿಗಿ ಬರಿಸುವುದು ನಾಲ್ಕು ದಿನದ ಮಾತು, ಹಬ್ಬನ್ನು ಬದಲಾಯಿಸಬೇಕು. ಅಚ್ಚಿನ ತುದಿ ನೀಲಿಗಟ್ಟಿದ್ದರೆ ಅಥವಾ ಆಳವಾಗಿ ಗೀರಿದ್ದರೆ ಅದನ್ನೂ ಬದಲಾಯಿಸದೆ ಬೇರೆ ದಾರಿಯಿಲ್ಲ.

ಗ್ರೀಸ್ ಹಚ್ಚುವುದಕ್ಕೂ ಒಂದು ಕ್ರಮವಿದೆ. ವೀಲ್ ಬೇರಿಂಗ್ ಗ್ರೀಸ್ ಎಂದು ಡಬ್ಬದ ಮೇಲೆ ಬರೆದಿರುವುದನ್ನೇ ತನ್ನಿ. ಕೀಲೆಣ್ಣೆ, ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆ ಇವು ಸಲ್ಲವು. ಹಳೆಯ ಗ್ರೀಸಿನ ಮೇಲೆ ಬೇರೆ ಬಗೆಯದನ್ನು ಬೆರೆಸಬೇಡಿ. ಅಂಗೈಯಲ್ಲಿ ಗ್ರೀಸ್ ತೆಗೆದುಕೊಂಡು, ಬೇರಿಂಗಿನ ದಪ್ಪ ಮಗ್ಗುಲನ್ನು ಅದಕ್ಕೆ ಒತ್ತಿ ಒತ್ತಿ, ಇನ್ನೊಂದು ಮಗ್ಗುಲಿನಿಂದ ಗ್ರೀಸ್ ಇಣುಕುವವರೆಗೆ ತುಂಬಿ. ಹಬ್ಬಿನ ಹೊಟ್ಟೆಯನ್ನು ಪೂರ್ತಿ ತುಂಬಬಾರದು, ಅರ್ಧದೊಳಗೆ ಇರಲಿ. ಹೆಚ್ಚಾದ ಗ್ರೀಸ್ ಕಾದು ಹಿಗ್ಗಿ ಸೀಲನ್ನು ದಾಟಿ ಬರುತ್ತದೆ. ಒಳಗಿನ ಬೇರಿಂಗನ್ನಿಟ್ಟು, ಹೊಸ ಸೀಲನ್ನು ಅದರ ರಬ್ಬರ್ ತುಟಿ ಬೇರಿಂಗಿನ ಕಡೆ ಮುಖಮಾಡುವಂತೆ ಓರೆಯಾಗದಂತೆ ಕೂರಿಸಿ.

ಈಗ ಬಿಗಿತ. ಇದು ಎಲ್ಲಕ್ಕಿಂತ ಮುಖ್ಯ. ಹಬ್ಬನ್ನು ಕೈಯಿಂದ ತಿರುಗಿಸುತ್ತ ತಿರುಗಿಸುತ್ತ ಸ್ಪ್ಯಾನರಿನಿಂದ ನಟ್ಟನ್ನು ಬಿಗಿಯಿರಿ. ಹಬ್ ಸ್ವಲ್ಪ ಹಿಡಿದಂತಾದಾಗ ನಿಲ್ಲಿಸಿ. ಉರುಳೆಗಳೆಲ್ಲ ತಮ್ಮ ಜಾಗದಲ್ಲಿ ಕುಳಿತವು. ಬಳಿಕ ನಟ್ಟನ್ನು ಪೂರ್ತಿ ಸಡಿಲಿಸಿ, ಬೆರಳಿನಿಂದ ಮಾತ್ರ ಮತ್ತೆ ಬಿಗಿಯಿರಿ. ಪಿನ್ನಿನ ತೂತು ನಟ್ಟಿನ ಸಂದಿಗೆ ಹೊಂದದಿದ್ದರೆ ಮುಂದಕ್ಕೆ ಬಿಗಿಯದೆ ಹಿಂದಕ್ಕೆ ಸಡಿಲಿಸಿ ಹೊಂದಿಸಿ. ಹಬ್ಬನ್ನು ಒಳಕ್ಕೂ ಹೊರಕ್ಕೂ ಅಲುಗಿಸಿದರೆ ಕೂದಲೆಳೆಯಷ್ಟು ಆಟವಿರಬೇಕು; ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 0.05ರಿಂದ 0.1 ಮಿಲಿಮೀಟರ್. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಹೊಸ ಸ್ಪ್ಲಿಟ್ ಪಿನ್ ತೂರಿಸಿ, ಅದರ ಕಾಲುಗಳನ್ನು ಮಡಿಸಿ, ಟೋಪಿ ಹಾಕಿ.

ಕಾರಿನ ಹಬ್ಬಿನಲ್ಲಿ ನಿಯಮ ಬೇರೆ

ಬಹುತೇಕ ಸಣ್ಣ ಕಾರುಗಳ ಹಿಂದಿನ ಗಾಲಿಯಲ್ಲಿರುವುದು ಟೇಪರ್ ಬೇರಿಂಗ್ ಅಲ್ಲ. ಕೆಲವಲ್ಲಿ ಗುಂಡು ಬೇರಿಂಗುಗಳನ್ನು ಬ್ರೇಕ್ ಡ್ರಮ್ಮಿನೊಳಗೇ ಒತ್ತಿ ಕೂರಿಸಿರುತ್ತಾರೆ. ಕೆಲವು ಹೊಸ ಕಾರುಗಳಲ್ಲಿ ಹಬ್ಬೂ ಬೇರಿಂಗೂ ಒಂದೇ ಗಂಟಾಗಿ ಬಂದು ಬೋಲ್ಟುಗಳಿಂದ ಕೂರುತ್ತದೆ. ಅದನ್ನು ಬಿಡಿಸಿ ಗ್ರೀಸ್ ಹಾಕುವ ಹಾಗಿಲ್ಲ. ಸವೆದರೆ ಗಂಟನ್ನೇ ಬದಲಾಯಿಸಬೇಕು.

ಇಲ್ಲಿ ಬೆರಳಿನ ಬಿಗಿತ ಅಪಾಯ. ಒಳಬಳೆಗಳನ್ನು ಬಲವಾಗಿ ಒತ್ತಿ ಹಿಡಿದರೆ ಮಾತ್ರ ಇಂತಹ ಬೇರಿಂಗ್ ಬಾಳುತ್ತದೆ. ಎಷ್ಟು ಬಲ ಎಂಬುದನ್ನು ಆಯಾ ಕಾರಿನ ಕೈಪಿಡಿ ಹೇಳುತ್ತದೆ. ಟಾರ್ಕ್ ಸ್ಪ್ಯಾನರಿನಿಂದ ಅಷ್ಟೇ ಬಿಗಿಯಬೇಕು. ಹೀಗೆ, ಟ್ರೇಲರಿನ ಬೇರಿಂಗನ್ನು ಕೆಡಿಸುವುದು ಅತಿ ಬಿಗಿತ. ಕಾರಿನ ಹಬ್ಬನ್ನು ಕೆಡಿಸುವುದು ಸಡಿಲ. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಬೇಡಿ. ಈ ದಿನ ನೀವು ಒಂದೇ ಮಾತನ್ನು ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ.

ಡ್ರಮ್ಮಿನೊಳಗಿನ ಬೇರಿಂಗ್ ಹಾಕುವಾಗ ಹೊರಬಳೆಯನ್ನು ಮಾತ್ರ ಒತ್ತಬೇಕು. ಒಳಬಳೆಗೆ ಹೊಡೆದರೆ ಆ ಪೆಟ್ಟು ಗುಂಡುಗಳ ಮೂಲಕ ಹಾಯ್ದು ಬಳೆಯಲ್ಲಿ ಗುಳಿ ಬೀಳುತ್ತದೆ. ಹೊಸ ಬೇರಿಂಗ್ ಮೊದಲ ದಿನವೇ ಗುಂಯ್‌ಗುಡುತ್ತದೆ. ಎರಡು ಬೇರಿಂಗಿನ ನಡುವೆ ಕೊಳವೆಯಂತಹ ತುಂಡು ಇದ್ದರೆ ಅದನ್ನು ಮರೆಯದೆ ಮತ್ತೆ ಹಾಕಿ. ಡ್ರಮ್ ಬರದಿದ್ದರೆ ಸುತ್ತಿಗೆಯಿಂದ ಬಡಿಯುವ ಮುನ್ನ ಬ್ರೇಕ್ ಪಟ್ಟಿಯ ಹೊಂದಾಣಿಕೆಯನ್ನು ಸಡಿಲಿಸಿ. ಎ.ಬಿ.ಎಸ್. ಬ್ರೇಕ್ ಇರುವ ಕಾರುಗಳಲ್ಲಿ ವೇಗ ಅಳೆಯುವ ತಂತಿ ಹಬ್ಬಿನ ಬಳಿ ಬರುತ್ತದೆ. ಕೆಲವು ಬೇರಿಂಗುಗಳ ಒಂದು ಮಗ್ಗುಲಿನಲ್ಲಿ ಕಾಂತದ ಬಳೆಯೂ ಇರುತ್ತದೆ. ಅಂತಹುದನ್ನು ತಿಳಿದವರ ಕೈಗೆ ಕೊಡುವುದೇ ಲೇಸು.

ಕೊಳ್ಳುವಾಗ ಎಚ್ಚರ

ಅಂಗಡಿಗೆ ಹೋಗುವಾಗ ಹಳೆಯ ಬೇರಿಂಗನ್ನು ಒರೆಸಿ ಕೈಯಲ್ಲಿ ಹಿಡಿದುಕೊಂಡು ಹೋಗಿ. ಅದರ ಮಗ್ಗುಲಿನಲ್ಲಿ ನಂಬರು ಕೆತ್ತಿರುತ್ತದೆ. ಮಿಲಿಮೀಟರ್ ಅಳತೆಯ ಸಾಮಾನ್ಯ ಬೇರಿಂಗುಗಳಲ್ಲಿ ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅದನ್ನು 5ರಿಂದ ಗುಣಿಸಿ; ಅದು ಒಳತೂತಿನ ಅಳತೆ. 30206 ಎಂದಿದ್ದರೆ 06 ಐದಲೆ 30 ಮಿಲಿಮೀಟರ್. 32206 ಎಂಬುದರ ತೂತೂ 30, ಹೊರ ಅಳತೆಯೂ ಎರಡಕ್ಕೂ 62. ಆದರೆ ದಪ್ಪದಲ್ಲಿ ಸುಮಾರು 4 ಮಿಲಿಮೀಟರ್ ವ್ಯತ್ಯಾಸ. ಒಂದೇ ಅಂಕಿ ಬದಲಾದರೂ ಬೇರಿಂಗ್ ಬೇರೆ. ಆದುದರಿಂದ ‘ಇದೂ ನಡೆಯುತ್ತದೆ’ ಎಂಬ ಮಾತಿಗೆ ಒಪ್ಪದೆ ನಂಬರನ್ನು ಓದಿ ತನ್ನಿ. ಹೆಸರಾಂತ ಮಾಲಿನ ನಕಲುಗಳೂ ಮಾರುಕಟ್ಟೆಯಲ್ಲಿವೆ. ಬಿಲ್ಲು ಕೊಡುವ ಅಂಗಡಿಯಲ್ಲಿ ಕೊಂಡರೆ ಕೇಳುವ ಹಕ್ಕು ನಿಮಗಿರುತ್ತದೆ. ಪೊಟ್ಟಣವನ್ನು ಕೂರಿಸುವ ಕ್ಷಣದವರೆಗೂ ಬಿಚ್ಚಬೇಡಿ, ಧೂಳು ಬೀಳುತ್ತದೆ.

ಕೆಲಸ ಮುಗಿದ ಮೇಲೆ

ಗಾಲಿಯ ನಟ್ಟುಗಳನ್ನು ಒಂದಾದ ಮೇಲೆ ಎದುರಿನದು ಎಂಬ ಕ್ರಮದಲ್ಲಿ ಬಿಗಿದು, ಗಾಡಿಯನ್ನು ನೆಲಕ್ಕೆ ಇಳಿಸಿ ಕೊನೆಯ ಬಿಗಿತ ಕೊಡಿ. ಬರಿಗಾಡಿಯನ್ನು ಐದಾರು ಕಿಲೋಮೀಟರ್ ಓಡಿಸಿ ಹಬ್ಬಿನ ಕಾವನ್ನು ನೋಡಿ. ಮರುದಿನ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿ. ತಾರೀಕು, ಗಾಲಿ, ಬೇರಿಂಗಿನ ನಂಬರು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ಟ್ರೇಲರಿನ ಹಬ್ಬುಗಳನ್ನು ಪ್ರತಿ ವರ್ಷ ಸಾಗಣೆಯ ಹಂಗಾಮಿಗೆ ಮೊದಲು ಬಿಚ್ಚಿ ನೋಡುವ ಪದ್ಧತಿ ಇಟ್ಟುಕೊಳ್ಳಿ. ಕಬ್ಬು ಕಡಿಯಲು ಗ್ಯಾಂಗು ಬಂದು ನಿಂತಾಗ ಯಾರಿಗೂ ಪುರುಸೊತ್ತಿರುವುದಿಲ್ಲ. ಹಬ್ ಮುಳುಗುವಷ್ಟು ನೀರಿನಲ್ಲಿ ಹಳ್ಳ ದಾಟಿದ್ದರೆ ಹಂಗಾಮಿಗೆ ಕಾಯದೆ ಬಿಚ್ಚಿ ಗ್ರೀಸ್ ನೋಡಿ. ಇನ್ನೊಂದು ಮಾತು: ಟ್ರೇಲರ್ ಇರುವುದು ಸರಕಿಗೆ. ಮದುವೆಗೆ, ಜಾತ್ರೆಗೆ ಜನರನ್ನು ತುಂಬಿಕೊಂಡು ಹೋಗುವುದಕ್ಕಲ್ಲ. ಗಾಲಿ ಕಳಚಿದಾಗ ಸರಕಾದರೆ ಮತ್ತೆ ತುಂಬಬಹುದು.

ಟಾರ್ಕ್ ಸ್ಪ್ಯಾನರ್, ಒಳ್ಳೆಯ ಸ್ಟ್ಯಾಂಡುಗಳು, ಬೇರಿಂಗ್ ಎಳೆಯುವ ಸಾಧನ ಇವು ಒಬ್ಬೊಬ್ಬರಿಗೆ ದುಬಾರಿ. ವರ್ಷದಲ್ಲಿ ಎರಡು ದಿನ ಬೇಕಾಗುವ ವಸ್ತುವಿಗೆ ಪ್ರತಿಯೊಬ್ಬರೂ ಹಣ ಹಾಕುವುದೇಕೆ? ಊರಿನ ಸಹಕಾರ ಸಂಘದಲ್ಲಿಯೋ ಯುವಕ ಸಂಘದಲ್ಲಿಯೋ ಒಂದು ಜೊತೆ ಕೊಂಡಿಡಿ. ತೆಗೆದುಕೊಂಡವರು ರುಜು ಹಾಕಿ, ತೊಳೆದು ಹಿಂದಕ್ಕೆ ಕೊಡಲಿ. ಊರಿನ ಇಬ್ಬರು ಹುಡುಗರು ಈ ಕೆಲಸವನ್ನು ಚೆನ್ನಾಗಿ ಕಲಿತರೆ ಅವರಿಗೂ ಸಂಪಾದನೆ, ಊರಿಗೂ ಕ್ಷೇಮ.

ಇಂದು ಮನೆಗೆ ಹೋದೊಡನೆ ಒಂದು ಕೆಲಸ ಮಾಡಿ. ನಿಮ್ಮ ಗಾಡಿಯ ಒಂದೊಂದೇ ಗಾಲಿಯನ್ನು ಎತ್ತಿ, ನೆತ್ತಿ ಬುಡ ಹಿಡಿದು ಅಲುಗಿಸಿ ನೋಡಿ. ಖರ್ಚಿಲ್ಲ, ಅರ್ಧ ಗಂಟೆ ಸಾಕು. ಆಡಿದ ಗಾಲಿಯನ್ನು ಮಾತ್ರ ನಾಳೆ ರಸ್ತೆಗೆ ಇಳಿಸಬೇಡಿ.